ಎಸರು ಹಾಕಿದ ಹಿಟ್ಟು

ಹಿಟ್ಟು ನಾದಿ ಮುಚ್ಚಿಟ್ಟಿದ್ದೇನೆ. ಅದು ಉಬ್ಬುವ ತನಕ ಬೇರೆ ಕೆಲಸವಿಲ್ಲ. ಫೋನ್ ತೆಗೆದರೆ ಎಲ್ಲರೂ ಹೊಸ ವರ್ಷದ ಗುರಿ ಹಾಕುತ್ತಿದ್ದಾರೆ. ಒಬ್ಬಳು ತೂಕ ಇಳಿಸುತ್ತಾಳಂತೆ, ಒಬ್ಬಳು ಸಿಟ್ಟು ಬಿಡುತ್ತಾಳಂತೆ, ನಮ್ಮ ಕಾಲೇಜಿನ ಗ್ರೂಪಿನಲ್ಲಿ ಒಬ್ಬ ಬೈಕ್ ಮೇಲೆ ಲಡಾಖಿಗೆ ಹೋಗುತ್ತಾನಂತೆ. ‘ಲೀಲಾ, ನಿಂದೇನು ಗೋಲ್?’ ಅಂತ ನನ್ನನ್ನೂ ಕೇಳಿದ್ದಾರೆ. ಫೋನನ್ನು ಬೋರಲು ಹಾಕಿದ್ದೆ. ಆಮೇಲೆ ಅಡುಗೆಮನೆಯಲ್ಲಿ ಈಸ್ಟಿನ ವಾಸನೆ ಏಳತೊಡಗಿತು. ಹುಳಿಯೂ ಅಲ್ಲದ ಸಿಹಿಯೂ ಅಲ್ಲದ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಒಂದೇ ಒಂದು ವರ್ಷ ನೆನಪಾಗುತ್ತದೆ. ಅದಕ್ಕೇ ಫೋನ್ ಮತ್ತೆ ತಿರುಗಿಸಿ ಇದನ್ನು ಟೈಪ್ ಮಾಡುತ್ತಾ ಕೂತಿದ್ದೇನೆ.

ಆ ವರ್ಷ ಶುರುವಾದಾಗ ನನ್ನ ಬಿ.ಕಾಂ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಮನೆ ಬಾಗಲಕೋಟೆಯ ನವನಗರದಲ್ಲಿ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸಿದ್ದು ಅವ್ವನ ರೊಟ್ಟಿ. ಬಸ್ ಸ್ಟ್ಯಾಂಡ್ ಹತ್ತಿರದ ಸಂಗಣ್ಣ ಕಾಕಾನ ಖಾನಾವಳಿಗೆ ದಿನಾ ಎರಡು ಹೊತ್ತು ರೊಟ್ಟಿ ಹೋಗುವುದು ನಮ್ಮ ಮನೆಯಿಂದಲೇ. ಅವ್ವ ಬೆಳಗಾಗುವ ಮೊದಲೇ ಒಲೆ ಹಚ್ಚಿ, ಎಸರು ಇಟ್ಟು, ಕುದಿಯುವ ನೀರನ್ನು ಜೋಳದ ಹಿಟ್ಟಿಗೆ ಸುರಿದು ನಾದಿ ಬಡಿಯಲು ಕೂತರೆ ಟಪ ಟಪ ಅನ್ನುವ ಸದ್ದಿಗೇ ನನಗೆ ಎಚ್ಚರ. ನಾನು ಬುಟ್ಟಿ ಹೊತ್ತು ಕೊಟ್ಟು ಬರುತ್ತಿದ್ದೆ. ಕಚೇರಿಯವರು, ಡ್ರೈವರುಗಳು, ದವಾಖಾನೆಗೆ ಬಂದ ಹಳ್ಳಿಯವರು ಎಲ್ಲ ಅಲ್ಲಿ ಉಣ್ಣುತ್ತಿದ್ದರು. ‘ನೀಲಕ್ಕನ ರೊಟ್ಟಿ ಬಂತೇನೋ?’ ಅಂತ ಕೇಳಿಯೇ ಎಲೆ ಮುಂದೆ ಕೂರುವ ಗಿರಾಕಿಗಳೂ ಇದ್ದರು. ನೀಲಕ್ಕ ಅಂದರೆ ನಮ್ಮವ್ವ.

ಆದರೆ ಹೊಗೆಗೆ ಅವ್ವನ ಕಣ್ಣು ಯಾವಾಗಲೂ ಕೆಂಪು. ಬಲ ಭುಜ ಎತ್ತಲು ಆಗದೆ ಸೀರೆಯ ಸೆರಗನ್ನು ಎಡಗೈಯಿಂದಲೇ ಸರಿಮಾಡಿಕೊಳ್ಳುವುದು ರೂಢಿಯಾಗಿತ್ತು. ಆ ಜನವರಿ ಒಂದರ ಬೆಳಿಗ್ಗೆ ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಭಾಷಣದ ಹಾಗೆ, ಮುಂದಿನ ಹೊಸ ವರ್ಷದ ಹೊತ್ತಿಗೆ ನೀನು ಈ ಒಲೆ ಮುಂದೆ ಕೂತಿರಬಾರದು, ಅದೇ ನನ್ನ ಗುರಿ ಅಂತ ಹೇಳಿದೆ.

ಅವ್ವ ರೊಟ್ಟಿ ತಿರುವಿ ಹಾಕುತ್ತಾ ಕೇಳಿದಳು: “ಮತ್ತ ಎಲ್ಲಿ ಕುಂದರ್ಲಿ?”

ಆಗ ನನ್ನ ಹತ್ತಿರ ಇದ್ದದ್ದು ಬ್ರೆಡ್ಡಿನ ಹುಚ್ಚು ಒಂದೇ. ಅದು ಹೇಗೆ ಹತ್ತಿತು ಅಂದರೆ, ಪಕ್ಕದ ಮನೆಯ ರೇಷ್ಮಾ ನನ್ನ ಜೊತೆಯೇ ಕಲಿತವಳು. ಅವಳ ಅಣ್ಣನ ಮದುವೆಯಲ್ಲಿ ಯಾರೋ ಕೊಟ್ಟ ಸಣ್ಣ ಕರೆಂಟಿನ ಓವನ್ ಡಬ್ಬಿಯಿಂದ ಹೊರಗೇ ಬರದೆ ಅವರ ಅಟ್ಟದ ಮೇಲಿತ್ತು. ಕೆಲಸವಿಲ್ಲದ ಇಬ್ಬರೂ ಒಂದು ಮಧ್ಯಾಹ್ನ ಅದನ್ನು ಇಳಿಸಿ ಧೂಳು ಒರೆಸಿದೆವು. ಫೋನಿನಲ್ಲಿ ವಿಡಿಯೋ ಹಾಕಿದೆವು. ವಿಡಿಯೋದವಳು ಹಿಂದಿಯಲ್ಲಿ ಹೇಳಿದ್ದು ನಮಗೆ ಅರ್ಧ ತಿಳಿಯಿತು, ಮಿಕ್ಕರ್ಧವನ್ನು ನಾವೇ ಊಹಿಸಿಕೊಂಡೆವು. ಬಂದದ್ದು ಬ್ರೆಡ್ಡಲ್ಲ, ಹೊರಗೆ ಕರಕು, ಒಳಗೆ ಹಸಿ ಇದ್ದ ಒಂದು ಮುದ್ದೆ. ರೇಷ್ಮಾ ಅದನ್ನು ಎದುರು ಮನೆಯ ಎಮ್ಮೆಗೆ ಹಾಕಿದಳು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಅವತ್ತೇ ನನಗೆ ಛಲ ಹುಟ್ಟಿತು.

ವಿಡಿಯೋ ನೋಡಿ, ಕೆಡಿಸಿ, ಮತ್ತೆ ನೋಡಿ ಕಲಿತೆ. ಈಸ್ಟ್ ಅನ್ನುವುದು ಜೀವ ಇರುವ ವಸ್ತು, ಉಗುರು ಬೆಚ್ಚಗಿನ ನೀರು ಕೊಟ್ಟರೆ ಏಳುತ್ತದೆ, ಬಿಸಿ ಹೆಚ್ಚಾದರೆ ಸಾಯುತ್ತದೆ ಅಂತ ತಿಳಿದ ದಿನ ಅದನ್ನು ಅವ್ವನಿಗೂ ವಿವರಿಸಿದೆ. ಸೋಮವಾರ ಒಪ್ಪತ್ತು ಇರುವ ಅವ್ವ ಗಾಬರಿಯಾದಳು. “ಜೀವ ಇದ್ದದ್ದನ್ನ ಸುಡ್ತಿಯೇನ ಯವ್ವಾ?” ಅಂದಳು. ಮೊದಲ ಸಲ ಒಂದು ಬ್ರೆಡ್ ಸರಿಯಾಗಿ ಬಂದು ಅದನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಾಗ, “ಯಾರಿಗೆ ಆರಾಮಿಲ್ಲ?” ಅಂತ ಕೇಳಿದಳು. ನಮ್ಮ ಕಡೆ ಬ್ರೆಡ್ ಅಂದರೆ ಜ್ವರ ಬಂದವರು ಹಾಲಿನಲ್ಲಿ ಅದ್ದಿ ತಿನ್ನುವುದು, ಇಲ್ಲಾ ದವಾಖಾನೆಗೆ ಮಂದಿಯನ್ನು ನೋಡಲು ಹೋಗುವಾಗ ಬಿಸ್ಕತ್ತಿನ ಜೊತೆ ಒಯ್ಯುವುದು. ಸಂಗಣ್ಣ ಕಾಕಾಗೆ ಸುದ್ದಿ ಗೊತ್ತಾಗಿ, ಬುಟ್ಟಿ ಇಳಿಸುವಾಗಲೆಲ್ಲ “ಏನವಾ ಬೇಕರಿ ಸಾವ್ಕಾರ್ತಿ, ನಮಗ ಯಾವಾಗ ಜ್ವರಾ ಬರಸ್ತಿ?” ಅಂತ ಕಾಡುತ್ತಿದ್ದ.

ಬೇಸಿಗೆಯಲ್ಲಿ ಎಲ್ಲ ಕೆಟ್ಟಿತು. ಬಾಗಲಕೋಟೆಯ ಏಪ್ರಿಲ್ ತಿಂಗಳಲ್ಲಿ ಹಿಟ್ಟನ್ನು ಉಬ್ಬಲು ಎಲ್ಲಿ ಇಟ್ಟರೂ ಅದು ನೋಡನೋಡುತ್ತಲೇ ಪಾತ್ರೆ ದಾಟಿ, ಹುಳಿಯಾಗಿ, ಕುಸಿದು ಬೀಳುತ್ತಿತ್ತು. ವಿಡಿಯೋದವರೆಲ್ಲ ತಣ್ಣನೆಯ ಊರಿನವರು. ನಾನು ಹಿಟ್ಟಿನ ಪಾತ್ರೆಯನ್ನು ನೀರಿನ ಹರಿವಿಯ ಪಕ್ಕ ಇಟ್ಟು, ಒದ್ದೆ ಬಟ್ಟೆ ಹೊದಿಸಿ, ಕೂಸನ್ನು ಕಾದ ಹಾಗೆ ಕಾದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಕೈಗೆ ಅಂದಾಜು ಬಂತು.

ಮೈದಾ ಬ್ರೆಡ್ ಅಂಗಡಿಯಲ್ಲೇ ಸಿಗುತ್ತದೆ, ನಮ್ಮದು ಬೇರೆ ಇರಬೇಕು ಅಂತ ಗೋಧಿ ಹಿಟ್ಟಿಗೆ ಜೋಳದ ಹಿಟ್ಟು ಬೆರೆಸಿ ನೋಡಿದೆ. ಅವ್ವನ ತವರು ಶಿರೂರಿನಿಂದ ಬರುವ ಬಿಳಿಜೋಳ. ಎಷ್ಟು ಸಲ ಮಾಡಿದರೂ ಕೊಯ್ದ ಕೂಡಲೇ ಪುಡಿಪುಡಿಯಾಗಿ ಉದುರುತ್ತಿತ್ತು. ಅವ್ವ ಒಂದು ದಿನ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಜೋಳಕ್ಕೆ ಎಸರು ಹಾಕದೆ ತಣ್ಣೀರು ಹಾಕಿದರೆ ಅದು ಹೇಗೆ ಹಿಡಿದುಕೊಂಡೀತು ಅಂದಳು. ತಾನೇ ಸಣ್ಣ ಬೋಗುಣಿಯಲ್ಲಿ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ತಿರುವಿ ಕೊಟ್ಟಳು. ನಾನು ಅದನ್ನು ಪೂರ್ತಿ ಆರಿಸಿ, ಆಮೇಲೆ ಈಸ್ಟ್ ಹಾಕಿದ ಗೋಧಿ ಹಿಟ್ಟಿನಲ್ಲಿ ಸೇರಿಸಿದೆ. ಅವತ್ತಿನ ಬ್ರೆಡ್ ಹತ್ತಿಯ ಹಾಗೆ ಬಂತು. ಮೇಲೆ ಸಜ್ಜಿ ರೊಟ್ಟಿಗೆ ಹಚ್ಚುವ ಹಾಗೆ ಎಳ್ಳು ಹಚ್ಚು ಅಂದಳು, ಅದನ್ನೂ ಮಾಡಿದೆ. ತಿಂದು ನೋಡಿದ ರೇಷ್ಮಾ ಕೈಗೆ ಅಂಟಿದ ಎಳ್ಳನ್ನೂ ಬಿಡದೆ ತಿಂದಳು. ಆಮೇಲೆ ಇದನ್ನು ಬಾದಾಮಿಗೆ ಒಯ್ಯೋಣ ಅಂದಳು.

ಬಾದಾಮಿಯ ಒಂದು ಲಾಡ್ಜಿನಲ್ಲಿ ರೇಷ್ಮಾಳ ಅಣ್ಣ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದ. ದಸರೆಯಿಂದ ಶುರುವಾಗಿ ಶಿವರಾತ್ರಿ ತನಕ ಅಲ್ಲಿ ಗುಹೆ ನೋಡಲು ಬರುವ ಮಂದಿ. ಬೆಳಗಿನ ತಿಂಡಿಗೆ ಬ್ರೆಡ್ ಬೇಕೇ ಬೇಕು, ಬರುವುದು ಹುಬ್ಬಳ್ಳಿಯಿಂದ, ಬರುವ ಹೊತ್ತಿಗೆ ಒಣಗಿರುತ್ತದೆ ಅಂತ ಅವನು ಹೇಳುತ್ತಿದ್ದ. ದಸರೆಯ ರಜೆಯಲ್ಲಿ ನಾವಿಬ್ಬರೂ ಎರಡು ಬ್ರೆಡ್ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದೆವು. ಮ್ಯಾನೇಜರ್ ವಿನಯ್ ಅಂತ, ಮೈಸೂರು ಕಡೆಯವರು, ಇಸ್ತ್ರಿ ಮಾಡಿದ ಮಾತು. ಒಂದು ಹೋಳು ಬೆಣ್ಣೆ ಹಚ್ಚದೆ ತಿಂದರು. ಇನ್ನೊಂದು ತಿಂದರು. “ಇದರ ಹೆಸರೇನಮ್ಮ?” ಅಂದರು. ಹೆಸರು ಇರಲಿಲ್ಲ, ಜೋಳದ ಬ್ರೆಡ್ ಅಂದೆ. ಮಾರನೆಯ ದಿನದಿಂದಲೇ ತಂದುಕೊಡಿ ಅಂದರು.

ಬರುವಾಗ ಬಸ್ಸಿನ ಕಿಟಕಿಯಲ್ಲಿ ಕೆಂಪು ಗುಡ್ಡಗಳು ಹಿಂದಕ್ಕೆ ಹೋಗುತ್ತಿದ್ದವು, ನಾನು ಮತ್ತು ರೇಷ್ಮಾ ಸುಮ್ಮಸುಮ್ಮನೆ ನಗುತ್ತಿದ್ದೆವು.

ಅವ್ವನ ಮಹಿಳಾ ಸಂಘದಿಂದ ಸಾಲ ತಂದು, ಇಳಕಲ್ಲಿನಲ್ಲಿ ಮುಚ್ಚಿಹೋದ ಒಂದು ಬೇಕರಿಯ ಹಳೆಯ ಗ್ಯಾಸ್ ಓವನ್ ತಂದೆವು. ಪಡಸಾಲೆಯ ಅರ್ಧ ಅದಕ್ಕೇ ಹೋಯಿತು. ಸಂಜೆ ಹಿಟ್ಟು ನಾದಿ ಇಡುವುದು, ನಸುಕಿನಲ್ಲಿ ಸುಡುವುದು, ಮೊದಲ ಬಸ್ಸಿಗೆ ಬಾದಾಮಿ. ಕಂಡಕ್ಟರುಗಳಿಗೆಲ್ಲ ನಾನು ಗೊತ್ತು. ಒಬ್ಬ ದಿನಾ ಬುಟ್ಟಿಯ ಬಟ್ಟೆ ಸರಿಸಿ ವಾಸನೆ ತಗೊಂಡು, ಇದಕ್ಕೂ ಟಿಕೆಟ್ ಹರಿಯಲೇನು ಅಂತ ಚಾಷ್ಟಿ ಮಾಡುತ್ತಿದ್ದ. ಲಾಡ್ಜಿನ ತಿಂಡಿಯ ಪಟ್ಟಿಯಲ್ಲಿ ‘ಬಾದಾಮಿ ಜೋಳದ ಬ್ರೆಡ್’ ಅಂತ ಅಚ್ಚು ಹಾಕಿಸಿದರು. ಬೆಂಗಳೂರಿನವರು, ಪುಣೆಯವರು, ಒಂದೊಂದು ಸಲ ವಿದೇಶದವರು ಅದರ ಫೋಟೋ ಹೊಡೆಯುತ್ತಿದ್ದರು. ನನಗೆ ನನ್ನ ಗುರಿ ಕೈಗೆ ಸಿಕ್ಕೇಬಿಟ್ಟಿತು ಅನ್ನಿಸಿತು.

ಒಂದೇ ತೊಂದರೆ ಇತ್ತು. ಅವ್ವ ಎರಡು ಕಡೆ ದುಡಿಯುತ್ತಿದ್ದಳು. ನಸುಕಿನಲ್ಲಿ ನನ್ನ ಜೊತೆ ಎದ್ದು ಟಿನ್ನುಗಳಿಗೆ ಎಣ್ಣೆ ಹಚ್ಚಿ, ಎಳ್ಳು ಉದುರಿಸಿ, ಆಮೇಲೆ ತನ್ನ ರೊಟ್ಟಿಗೆ ಕೂರುತ್ತಿದ್ದಳು. ನಾನು ಬಾದಾಮಿಗೆ ಹೋದರೆ ಬುಟ್ಟಿಯನ್ನೂ ತಾನೇ ಒಯ್ಯಬೇಕು. ದೀಪಾವಳಿ ಮುಗಿದ ಮೇಲೆ ನಾನು ಹಟ ಹಿಡಿದೆ. ಇನ್ನು ಸಾಕು, ಬಿಡು, ನಾನಿದ್ದೇನೆ ಅಂದೆ. ಅವ್ವ ಎರಡು ದಿನ ಎಂದಿನ ಹಾಗೆಯೇ ರೊಟ್ಟಿ ಬಡಿದಳು. ಮೂರನೆಯ ದಿನ ಬುಟ್ಟಿ ಹೊತ್ತು ನನ್ನ ಜೊತೆಗೇ ಖಾನಾವಳಿಗೆ ಬಂದಳು.

ಸಂಗಣ್ಣ ಕಾಕಾ ಗಲ್ಲೆಯ ಮೇಲಿಂದ ಎದ್ದು ನಿಂತ. ಅವ್ವ ಅಲ್ಲಿಗೆ ಬರುತ್ತಿದ್ದದ್ದೇ ಕಡಿಮೆ.

“ಸಂಗಣ್ಣ, ನಾ ಬಿಡ್ತೇನಪಾ ಇನ್ನ,” ಅಂದಳು.

ಅವನು ಬುಟ್ಟಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. “ಮಗಳು ಕೈ ಹಿಡೀತಾಳ ಅಂದ್ರ ನಾ ಯಾಕ ಅಡ್ಡ ಬರ್ಲಿ ಬೇ ಅಕ್ಕಾ? ಆದ್ರ ಒಂದು ಮಾತು. ಇವತ್ತ ನೀ ಬಿಟ್ಟರ ನಾ ನಾಳೆಗೆ ಏನರ ಮಾಡಬೇಕಾಗ್ತೈತಿ. ಮತ್ತ ಬರ್ತೇನಿ ಅಂದ್ರ ಹಿಂಗ ಇರೂದಿಲ್ಲ ನೋಡು.”

ಮತ್ತೆ ಬರುವ ಮಾತೇ ಇಲ್ಲ ಅಂತ ನಾನು ನಡುವೆ ಬಾಯಿ ಹಾಕಿದೆ. ಅವ್ವ ಖಾಲಿ ಬುಟ್ಟಿಯನ್ನು ಕೊಡವಿ ಕಂಕುಳಲ್ಲಿ ಇಟ್ಟುಕೊಂಡಳು. ದಾರಿಯುದ್ದಕ್ಕೂ ನಾನೇ ಮಾತಾಡಿದೆ.

ನವೆಂಬರ್, ಡಿಸೆಂಬರ್ ಚೆನ್ನಾಗಿಯೇ ಹೋದವು. ಹೊಗೆ ಇಲ್ಲ, ಅವ್ವನ ಕಣ್ಣು ತಿಳಿಯಾಯಿತು. ಆದರೆ ಅವ್ವನಿಗೆ ಕೂರಲು ಬರುತ್ತಿರಲಿಲ್ಲ. ನಸುಕಿಗೆ ಎದ್ದು, ಎದ್ದದ್ದು ಯಾಕೆ ಅಂತ ಮರೆತವಳ ಹಾಗೆ ಅಡುಗೆಮನೆಯಲ್ಲಿ ನಿಂತಿರುತ್ತಿದ್ದಳು. ನಾನೇನು ಮಾಡಲಿ ಅಂತ ಕೇಳುತ್ತಿದ್ದಳು, ಆರಾಮ ಕೂರು ಅನ್ನುತ್ತಿದ್ದೆ. ಟಿನ್ನುಗಳನ್ನು ತೊಳೆದದ್ದನ್ನೇ ತೊಳೆಯುತ್ತಿದ್ದಳು. ನಾನು ಹಿಟ್ಟು ನಾದುವಾಗ ಪಕ್ಕದಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಒಮ್ಮೆ, ಬಿಡು ನಾನು ನಾದುತ್ತೇನೆ, ನಿನ್ನ ಕೈಯಲ್ಲಿ ಶಕ್ತಿ ಇಲ್ಲ ಅಂತ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ಭುಜ ನೋಯುತ್ತದೆ ಬೇಡ ಅಂತ ನಾನು ವಾಪಸ್ ಎಳೆದುಕೊಂಡೆ.

ಡಿಸೆಂಬರ್ ಕೊನೆಗೆ ಬಾದಾಮಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೊಸ ವರ್ಷದ ಬೆಳಿಗ್ಗೆ ಲಾಡ್ಜಿನಲ್ಲಿ ದೊಡ್ಡ ತಿಂಡಿ, ಎಲ್ಲ ಕೋಣೆ ತುಂಬಿವೆ, ನಮ್ಮ ಬ್ರೆಡ್ಡೇ ಮುಖ್ಯ ಅಂತ ವಿನಯ್ ಸರ್ ಹೇಳಿದರು. ದಿನಾ ಒಯ್ಯುವುದರ ನಾಲ್ಕು ಪಟ್ಟು ಬೇಕು. ಇದೊಂದು ಚೆನ್ನಾಗಿ ಆದರೆ ಅವರದೇ ಇನ್ನೊಂದು ಲಾಡ್ಜಿಗೂ ವರ್ಷಪೂರ್ತಿ ನಿಮ್ಮದೇ ಅಂತ ಮಾತು ಕೊಟ್ಟರು. ಸೀಸನ್ ಮುಗಿದ ಮೇಲೆ ಏನು ಅಂತ ಒಳಗೊಳಗೇ ಹೆದರಿದ್ದ ನನಗೆ ಆ ಮಾತು ಬೇಕಾಗಿತ್ತು.

ಮೂವತ್ತೊಂದರ ಮಧ್ಯಾಹ್ನ ಅವರು ಫೋನ್ ಮಾಡಿ, ಸಣ್ಣ ಬನ್ನುಗಳೂ ಬೇಕು, ಒಂದು ಸಲ ಬಂದು ಅಳತೆ ನೋಡಿ ಹೋಗಿ ಅಂದರು. ಹೋಗಲೇಬೇಕಿತ್ತು. ಸಂಜೆ ಬಂದ ಕೂಡಲೇ ನೀರು ಹಾಕಿ ನಾದಿದರೆ ಸಾಕು ಅಂತ ದೊಡ್ಡ ಪರಾತದಲ್ಲಿ ಗೋಧಿ ಹಿಟ್ಟು, ಸಕ್ಕರೆ, ಉಪ್ಪು, ಈಸ್ಟ್ ಎಲ್ಲ ಕೂಡಿಸಿ ಬಟ್ಟೆ ಮುಚ್ಚಿಟ್ಟೆ. ಜೋಳದ ಹಿಟ್ಟನ್ನು ಪಕ್ಕದ ಬೋಗುಣಿಯಲ್ಲಿ ಬೇರೆಯಾಗಿ ಇಟ್ಟೆ. ಬಂದ ಮೇಲೆ ಅದಕ್ಕೆ ಎಸರು ಹಾಕಿ ಆರಿಸಿ ಬೆರೆಸುವುದು ಅಂತ. ಮನೆಯಲ್ಲಿದ್ದ ಈಸ್ಟ್ ಅಷ್ಟೂ ಅದಕ್ಕೇ ಹೋಯಿತು.

ಬರುವಾಗ ಬಾದಾಮಿಯ ರಸ್ತೆಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಬಸ್ ಸ್ಟ್ಯಾಂಡಿನಿಂದ ಹೊರಗೆ ಬರಲಿಕ್ಕೇ ಬಸ್ಸು ಒದ್ದಾಡಿತು. ಹೊತ್ತು ಇಳಿಯುತ್ತಿತ್ತು. ತಡವಾಗುತ್ತದೆ ಅಂತ ಅವ್ವನಿಗೆ ಫೋನ್ ಮಾಡಿದೆ. ನೀನು ಚಿಂತೆ ಮಾಡಬೇಡ, ಸಾವಕಾಶ ಬಾ ಅಂದಳು. ಧ್ವನಿಯಲ್ಲಿ ಒಂದು ಹುರುಪಿತ್ತು. ದೀಪಾವಳಿ ಆದ ಮೇಲೆ ಆ ಧ್ವನಿ ಕೇಳಿಯೇ ಇರಲಿಲ್ಲ. ನನಗೂ ಖುಷಿಯಾಯಿತು.

ಮನೆಗೆ ಬಂದಾಗ ದೀಪ ಹಚ್ಚಿದ್ದಳು. ಹಳೆಯ ಒಲೆಯಲ್ಲಿ ಕೆಂಡ ಕಾಣಿಸಿತು. ಪಡಸಾಲೆಯಲ್ಲಿ ಪರಾತ, ಅದರ ಮೇಲೆ ಒದ್ದೆ ಬಟ್ಟೆ. ಅವ್ವ ಬಟ್ಟೆ ಸರಿಸಿ ತೋರಿಸಿದಳು. ಹಿಟ್ಟು ನುಣ್ಣಗೆ, ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು. ಅಷ್ಟೊಂದು ಹಿಟ್ಟನ್ನು ಒಬ್ಬಳೇ ನಾದಿದ್ದಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದಳು.

“ಮುಟ್ಟಿ ನೋಡು. ನಿನ್ನ ಕೈಯಾಗ ಒಂದ ದಿನಾನೂ ಇಷ್ಟು ಮೆತ್ತಗ ಬಂದಿಲ್ಲ.”

ಮುಟ್ಟಿದೆ. ಎಳೆದರೆ ಹಿಗ್ಗಲಿಲ್ಲ, ಹರಿದುಕೊಂಡು ಬಂತು. ಒಳಗೆ ಇನ್ನೂ ಬಿಸಿ. ಜೋಳದ ಬೋಗುಣಿ ಖಾಲಿ ಇತ್ತು.

“ಅವ್ವಾ, ನೀರು ಎಷ್ಟು ಬಿಸಿ ಇತ್ತು?”

“ಬಿಸಿ ಅಲ್ಲ ಯವ್ವಾ, ಎಸರು. ಕೊತಕೊತ ಕುದೀತಿತ್ತು. ಜೋಳಾನೂ ಅದರಾಗ ಕೂಡಿಸಿ ಒಮ್ಮೆಲೆ ಹಾಕಿದೆ. ಥಂಡಿ ಭಾಳ ಐತಲ್ಲ?”

ಅವಳಿಗೆ ಹಿಟ್ಟು ಅಂದರೆ ಎಸರು. ನಲವತ್ತು ವರ್ಷ ಅದೇ ಮಾಡಿದ ಕೈ. ನಮ್ಮ ಬ್ರೆಡ್ ಹತ್ತಿಯ ಹಾಗೆ ಬಂದದ್ದೂ ಅವಳ ಎಸರಿನಿಂದಲೇ. ಸ್ವಲ್ಪ ಹಿಟ್ಟಿಗೆ ಹಾಕಿದ್ದಕ್ಕೇ ಅಷ್ಟು ಮೆತ್ತಗಾಗಿತ್ತು, ಎಲ್ಲಕ್ಕೂ ಹಾಕಿದರೆ ಇನ್ನೂ ಮೆತ್ತಗಾದೀತು ಅಂತ ಅವಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗುವುದಿಲ್ಲ. ಒಣ ಹಿಟ್ಟಿನಲ್ಲಿ ಕಾಣದ ಹಾಗೆ ಬೆರೆತ ಈಸ್ಟ್ ಒಂದಿತ್ತಲ್ಲ, ಅದು ಸತ್ತಿತ್ತು.

ನನ್ನ ಮುಖ ನೋಡಿಯೇ ಅವ್ವನ ಮುಖ ಇಳಿಯಿತು. ರೇಷ್ಮಾ ಸ್ಕೂಟಿ ತಗೊಂಡು ಊರಿನ ಬೇಕರಿಗಳಿಗೆಲ್ಲ ಹೋಗಿ ಈಸ್ಟ್ ಕೇಳಿ ಬಂದಳು. ಹೊಸ ವರ್ಷದ ಕೇಕಿನ ಗದ್ದಲದಲ್ಲಿ ಯಾರೂ ಮಾತಾಡಿಸಲಿಲ್ಲ. ಹಳೇ ಊರಿನಲ್ಲಿ ಅದು ಸಿಗುವ ಒಂದು ಅಂಗಡಿಯೂ ಮುಚ್ಚಿತ್ತು. ಅವ್ವ ಅಟ್ಟದಿಂದ ಕೌದಿ ತಂದಳು. ತನ್ನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ, ನನ್ನನ್ನು ಸಣ್ಣವಳಿದ್ದಾಗ ಮಲಗಿಸುತ್ತಿದ್ದದ್ದು. ಅದನ್ನು ಪರಾತಕ್ಕೆ ಹೊದಿಸಿ, ಬೆಚ್ಚಗಿದ್ದರೆ ಏಳುತ್ತದೆ, ಏಳದೆ ಏನು ಅಂತ ತನಗೆ ತಾನೇ ಹೇಳಿಕೊಳ್ಳುತ್ತಾ ಪಕ್ಕದಲ್ಲೇ ಕೂತಳು. ನಾನು ಮಲಗಿದೆ, ಅವಳು ಮಲಗಲಿಲ್ಲ.

ಬೆಳಿಗ್ಗೆ ಕೌದಿ ತೆಗೆದಾಗ ಹಿಟ್ಟು ಇದ್ದಲ್ಲೇ ಇತ್ತು. ಅವ್ವನ ಬೆರಳಿನ ಗುರುತುಗಳು ಅದರ ಮೇಲೆ ಹಾಗೇ ಇದ್ದವು. ಆದರೂ ಒಂದು ಟಿನ್ ಸುಟ್ಟು ನೋಡಿದೆ. ಕಲ್ಲಿನಂಥ ಇಟ್ಟಂಗಿ ಬಂತು.

ವಿನಯ್ ಸರ್‌ಗೆ ಫೋನ್ ಮಾಡಿದೆ. ಸರ್, ಇವತ್ತು ಆಗಲಿಲ್ಲ ಅಂದೆ. ಅವರ ಧ್ವನಿ ಏರಿತು. ನಾನು ಏನೇನೋ ತೊದಲುತ್ತಿದ್ದೆ. ಅಷ್ಟರಲ್ಲಿ ಅವ್ವ ನನ್ನ ಕೈಯಿಂದ ಫೋನ್ ತಗೊಂಡಳು. ಪರಿಚಯ ಇಲ್ಲದವರ ಜೊತೆ ಫೋನಿನಲ್ಲಿ ಮಾತಾಡಲು ಹೆದರುವ ಹೆಂಗಸು. ಎರಡೂ ಕೈಯಲ್ಲಿ ಫೋನ್ ಹಿಡಿದು, ಎದುರಿಗೆ ಇದ್ದವರ ಜೊತೆ ಮಾತಾಡುವ ಹಾಗೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಸಾಹೇಬ್ರ, ಹುಡುಗಿದು ತಪ್ಪಿಲ್ರಿ. ನಾ ಎಸರು ಹಾಕಿ ಕೆಡಿಸೀನ್ರಿ. ಇದೊಂದ ಸಲ ಹೊಟ್ಟ್ಯಾಗ ಹಾಕ್ಕೋರಿ.”

ಸ್ಪೀಕರ್ ಇಲ್ಲದಿದ್ದರೂ ಅವರ ಮಾತು ನನಗೂ ಕೇಳಿಸಿತು. “ಅಮ್ಮಾ, ನಿಮ್ಮ ಎಸರು ಗಿಸರು ನನಗೆ ಗೊತ್ತಿಲ್ಲ. ಗೆಸ್ಟ್‌ಗಳು ಟೇಬಲ್ ಮುಂದೆ ಬಂದು ಕೂತಿದ್ದಾರೆ. ಮನೆಯಲ್ಲಿ ಅಡುಗೆ ಮಾಡುವವರ ಹತ್ತಿರ ವ್ಯವಹಾರ ಇಟ್ಟುಕೊಂಡಿದ್ದೇ ನನ್ನ ತಪ್ಪು.”

ಅವ್ವ “ಹೌದ್ರಿ, ಹೌದ್ರಿ” ಅನ್ನುತ್ತಲೇ ಇದ್ದಳು. ಆ ಕಡೆ ಫೋನ್ ಇಟ್ಟಾಗಿತ್ತು, ಅವಳಿಗೆ ತಿಳಿಯಲಿಲ್ಲ. ನಾನೇ ಅವಳ ಕಿವಿಯಿಂದ ಫೋನ್ ಬಿಡಿಸಿದೆ. ಹೊರಗೆ ಓಣಿಯ ಹುಡುಗಿಯರು ರಸ್ತೆಯ ಮೇಲೆ ಬಣ್ಣದ ಪುಡಿಯಲ್ಲಿ ‘ಹ್ಯಾಪಿ ನ್ಯೂ ಇಯರ್’ ಬರೆಯುತ್ತಿದ್ದರು.

ಎರಡು ದಿನ ಬಿಟ್ಟು ನಾನೇ ಬಾದಾಮಿಗೆ ಹೋದೆ. ಹೊಸ ಈಸ್ಟ್ ತಂದು, ಯಾವತ್ತಿಗಿಂತ ಚೆನ್ನಾಗಿ ಮಾಡಿ, ಬುಟ್ಟಿ ತುಂಬಿಕೊಂಡು ಹೋದೆ. ಲಾಡ್ಜಿನ ಮುಂದೆ ಹುಬ್ಬಳ್ಳಿಯ ಒಂದು ಬೇಕರಿಯ ವ್ಯಾನ್ ನಿಂತಿತ್ತು. ವಿನಯ್ ಸರ್ ಬೈಯಲಿಲ್ಲ, ಕುಡಿಯಲು ನೀರು ಕೊಡಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ದಿನಾ ಸಮಯಕ್ಕೆ ಸರಿಯಾಗಿ ತರುತ್ತಾರೆ, ನಮಗೂ ಜವಾಬ್ದಾರಿ ಇರುತ್ತದಲ್ಲಮ್ಮ ಅಂದರು. ಒಂದು ದಿನದ ತಪ್ಪಿಗೆ ಮೂರು ತಿಂಗಳ ಕೆಲಸ ಹೋಯಿತೇ ಸರ್ ಅಂತ ಕೇಳಿದೆ. ಅಷ್ಟರಲ್ಲಿ ಯಾರೋ ಗೆಸ್ಟ್ ಬಂದರು, ಸರ್ ಎದ್ದು ಹೋದರು. ರೇಷ್ಮಾಳ ಅಣ್ಣ ಕೌಂಟರಿನ ಹಿಂದೆ ನಿಂತು ರಿಜಿಸ್ಟರಿನ ಹಾಳೆ ಮಗುಚುತ್ತಿದ್ದ. ಅವನೂ ಅಲ್ಲಿ ಸಂಬಳಕ್ಕಿದ್ದವನೇ.

ಬುಟ್ಟಿಯ ಬ್ರೆಡ್ಡನ್ನು ಬರುವಾಗ ಬಸ್ಸಿನಲ್ಲಿ ಹಂಚಿದೆ. ಇದು ಯಾವುದರ ಪ್ರಸಾದ ಅಂತ ಒಬ್ಬ ಅಜ್ಜಿ ಕೇಳಿದಳು.

ಮುಂದೆ ಒಂದು ತಿಂಗಳಿಗೆ ಯಾರೋ ಪುಣೆಯವರು ಹಾಕಿದ ಫೋಟೋ ನನ್ನ ಫೋನಿನಲ್ಲಿ ಬಂತು. ಅದೇ ಲಾಡ್ಜು, ಅದೇ ತಟ್ಟೆ, ಕೆಳಗೆ ‘ಬಾದಾಮಿ ಜೋಳದ ಬ್ರೆಡ್’ ಅಂತ ಬರೆದಿತ್ತು. ಮೇಲೆ ಎಳ್ಳು ಹಚ್ಚಿತ್ತು. ನನ್ನ ಬ್ರೆಡ್ ಹೋಗಿತ್ತು, ನಾನು ಇಟ್ಟ ಹೆಸರು ಅಲ್ಲೇ ಇತ್ತು, ಅವ್ವನ ಎಳ್ಳೂ ಇತ್ತು. ಅವ್ವನಿಗೆ ತೋರಿಸಲಿಲ್ಲ.

ಬೇರೆ ಕಡೆ ಕೇಳಲಿಲ್ಲವೇ ಅಂತ ಅಂದುಕೊಳ್ಳಬಹುದು. ಕೇಳಿದೆ. ಹುನಗುಂದದಲ್ಲಿ ಕೇಳಿದೆ, ಅಮೀನಗಡದಲ್ಲಿ ಬಸ್ಸು ನಿಲ್ಲುವ ಕಡೆಯ ಕರದಂಟಿನ ಅಂಗಡಿಗಳಲ್ಲಿ ಇಟ್ಟು ನೋಡಿದೆ. ಕರದಂಟು ಕೊಳ್ಳಲು ಬಂದವರು ಬ್ರೆಡ್ಡನ್ನು ನೋಡಿ, ನಮ್ಮವ್ವನ ಹಾಗೆಯೇ, ಯಾರಿಗೆ ಆರಾಮಿಲ್ಲ ಅಂತ ಕೇಳಿದರು. ಮೂರು ದಿನಕ್ಕೆ ಬೂಸ್ಟು ಹಿಡಿದು ವಾಪಸ್ ಬಂತು. ಸಂಘದ ಕಂತು ಕಟ್ಟಲು ಓವನ್ ಮಾರಿದೆವು. ಪಡಸಾಲೆ ಮೊದಲಿನ ಹಾಗೆ ಅಗಲವಾಯಿತು. ನಾನು ಕಚೇರಿ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ, ಈಗಲೂ ಅಲ್ಲೇ ಇದ್ದೇನೆ. ಈಗ ನಾದಿ ಇಟ್ಟಿರುವುದು ಮನೆಗೆ ಮಾತ್ರ, ರೇಷ್ಮಾಳ ಸಣ್ಣ ಓವನ್ನಿಗೆ ಹಿಡಿಯುವಷ್ಟು.

ಶಿವರಾತ್ರಿ ಆದ ಮೇಲೆ ಅವ್ವ ನನಗೆ ಹೇಳದೆಯೇ ಸಂಗಣ್ಣ ಕಾಕಾನ ಹತ್ತಿರ ಹೋಗಿದ್ದಳು. ಸಂಜೆ ಬಂದು ಚಪ್ಪಲಿ ಬಿಟ್ಟು, ನಾಳೆಯಿಂದ ಹೋಗುತ್ತೇನೆ ಅಂದಳು. ಬುಟ್ಟಿ ಯಾವಾಗ ಒಯ್ಯಬೇಕು ಅಂತ ಕೇಳಿದೆ. ಬುಟ್ಟಿ ಇಲ್ಲ, ಅಲ್ಲೇ ಹೋಗಿ ನಿಲ್ಲುವುದು ಅಂದಳು. ನನಗೆ ಅರ್ಥವಾಗಲಿಲ್ಲ, ಅವಳು ಕೈಕಾಲು ತೊಳೆಯಲು ಹೋದಳು.

ಮಾರನೆಯ ದಿನ ಝೆರಾಕ್ಸ್ ಅಂಗಡಿಯ ಊಟದ ಬಿಡುವಿನಲ್ಲಿ ಖಾನಾವಳಿಗೆ ಹೋದೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಮಷಿನ್ ಕೂರಿಸಿದ್ದರು. ಅವ್ವ ಬಿಟ್ಟ ಮೇಲೆ ಕೈರೊಟ್ಟಿಯವರು ಅಷ್ಟು ಸಿಗದೆ ತರಿಸಿದ್ದಂತೆ. ಒಂದು ಕಡೆ ಹಿಟ್ಟಿನ ಉಂಡೆ ಇಟ್ಟರೆ ಇನ್ನೊಂದು ಕಡೆ ಅಚ್ಚು ಒತ್ತಿದ ಹಾಗೆ ದುಂಡನೆಯ ಹಸಿ ರೊಟ್ಟಿ ಬಂದು ಬೀಳುತ್ತಿತ್ತು. ಎಲ್ಲವೂ ಒಂದೇ ಅಳತೆ, ಒಂದೇ ದಪ್ಪ. ಅವ್ವನ ಕೆಲಸ ಅದನ್ನು ಎತ್ತಿ ಪಕ್ಕದ ದೊಡ್ಡ ಹಂಚಿನ ಮೇಲೆ ಹಾಕುವುದು, ಬೇಯಿಸಿ ತೆಗೆಯುವುದು. ಬಾಗಿಲ ಕಡೆ ಬೆನ್ನು ಮಾಡಿ ನಿಂತಿದ್ದಳು. ನಾನು ಬಂದದ್ದು ಗೊತ್ತಾಗಲಿಲ್ಲ. ಮಷಿನ್ನಿನ ಗದ್ದಲದಲ್ಲಿ ಕರೆದರೂ ಕೇಳುತ್ತಿರಲಿಲ್ಲ.

ನೋಡುತ್ತಾ ನಿಂತೆ. ಅವ್ವ ರೊಟ್ಟಿಯನ್ನು ಎತ್ತುತ್ತಿದ್ದಳು, ಹಂಚಿಗೆ ಹಾಕುವ ಮುಂಚೆ ಅಂಗೈಯ ಮೇಲೆ ಒಂದು ಸುತ್ತು ತಿರುಗಿಸಿ, ಎರಡು ಸಲ ಬಡಿಯುತ್ತಿದ್ದಳು. ಮಷಿನ್ ಒತ್ತಿ ಕೊಟ್ಟ ರೊಟ್ಟಿ. ಬಡಿಯುವುದಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಆದರೂ ಪ್ರತಿ ರೊಟ್ಟಿಗೂ ಎರಡು ಏಟು. ಅಷ್ಟರಲ್ಲಿ ಹಿಂದಿನ ರೊಟ್ಟಿಗಳು ಒಂದರ ಮೇಲೊಂದು ಬಿದ್ದು ಅಂಟಿಕೊಳ್ಳತೊಡಗಿದವು.

ಸಂಗಣ್ಣ ಕಾಕಾ ಊಟದ ಕೋಣೆಯಿಂದ ಬಂದು ನೋಡಿದ. ಸಿಟ್ಟು ಮಾಡಲಿಲ್ಲ. ಮಷಿನ್ನಿನ ಸದ್ದಿಗೆ ಕೇಳಿಸಲಿ ಅಂತ ಅವಳ ಕಿವಿಯ ಹತ್ತಿರ ಬಾಗಿದ.

“ನೀಲಕ್ಕಾ, ಬಡೀಬ್ಯಾಡ. ತಡಾ ಆಗ್ತೈತಿ.”

ಅವ್ವ ತಲೆಯಾಡಿಸಿದಳು. ಮುಂದಿನ ರೊಟ್ಟಿಯನ್ನು ಎತ್ತಿ, ಬಡಿಯದೆ, ಹಂಚಿನ ಮೇಲೆ ಹಾಕಿದಳು.